ಬೆಳೆಯುತ್ತಿರುವುದು

ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರಡಕ್ಕ ಎನ್ನುತ್ತಿದ್ದರು. ಹದಿನೇಳು ವರ್ಷ ಕರಡು ತಿದ್ದಿದ ಅವಳ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಜಾರುತ್ತಿರಲಿಲ್ಲ. ಆದರೆ ಹದಿಮೂರರ ಮಗಳು ಮೂರು ವಾರದಿಂದ ಕುಂಟುತ್ತಿದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಕಣ್ಣಿಗೆ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ಮಗಳು ಬಲಗಾಲನ್ನು ಮಡಚದೆ, ಕೋಲಿನಂತೆ ಮುಂದಿಟ್ಟು ಮೆಟ್ಟಿಲಿಳಿದಳು.

"ಯಾಕೆ ಹಾಗೆ ನಡೀತಿದೀಯ?"

"ಏನಿಲ್ಲಮ್ಮ. ಬೂಟು ಕಚ್ತಿದೆ."

ಐದು ವರ್ಷದ ಹಿಂದೆ ಗಂಡನೂ ಮೊದಮೊದಲು ಬೂಟಿನ ಮೇಲೇ ತಪ್ಪು ಹೊರಿಸಿದ್ದ. ಆಮೇಲೆ ಮೂಳೆಯಲ್ಲಿ ಗಡ್ಡೆ ಸಿಕ್ಕಿತು. ಎಂಟು ತಿಂಗಳಲ್ಲಿ ಅವನೇ ಇಲ್ಲವಾದ.

ಮತ್ತೆ ಕೇಳುವಷ್ಟರಲ್ಲಿ ಮಗಳು ಬಸ್ಸು ಹತ್ತಿಯಾಗಿತ್ತು. ಕಚೇರಿಯಲ್ಲಿ ಅಂದಿನ ಕರಡು ‘ಅಡಾಲೆಸೆಂಟ್’ ಇದ್ದ ಪುಟ. ಸಂಪಾದಕರು ಕುರ್ಚಿ ಎಳೆದುಕೊಂಡು ಕೂತರು. ಆರು ವರ್ಷವಾದರೂ ನಿಘಂಟು ಮೊದಲ ಅಕ್ಷರ ದಾಟಿರಲಿಲ್ಲ. ಅವರ ಉತ್ಸಾಹಕ್ಕೆ ಮಾತ್ರ ಬರವಿರಲಿಲ್ಲ.

"ಇದರ ಮೂಲ ಲ್ಯಾಟಿನ್ನು, ಅಕ್ಕ. ಬೆಳೆಯೋದು ಅಂತ ಒಂದು ಕ್ರಿಯಾಪದ. ಬೆಳೀತಾ ಇರೋದು ಅಡಾಲೆಸೆಂಟು, ಬೆಳೆದು ಮುಗಿದದ್ದು ಅಡಲ್ಟು. ಎರಡೂ ಒಂದೇ ಬೇರಿಂದ ಬಂದವು. ಚೆನ್ನಾಗಿಲ್ವಾ?"

ಬೆಳೆಯುತ್ತಿರುವುದು. ಅಂದು ವೈದ್ಯರು ಗಂಡನ ಗಡ್ಡೆಯ ಬಗ್ಗೆ ಆಡಿದ ಮಾತೂ ಅದೇ. ಪೆನ್ನನ್ನು ಮುಚ್ಚಳ ಹಾಕದೇ ಬಿಟ್ಟು, "ಸರ್, ಶಾಲೆಗೆ ಹೋಗ್ಬೇಕು" ಎಂದಷ್ಟೇ ಹೇಳಿ ಹೊರಟಳು.

ಶಾಲೆಯ ಕಾರಿಡಾರಿನ ಬೆಂಚಿನ ಮೇಲೆ ಮಗಳನ್ನು ಕೂರಿಸಿ ಕಾಲುಚೀಲ ಇಳಿಸಿದಳು. ಮಂಡಿಚಿಪ್ಪಿನ ಕೆಳಗೆ ಗೋಲಿಯಷ್ಟು ಗಂಟು. ಮುಟ್ಟಿದರೆ ಕಲ್ಲು.

"ಎಷ್ಟು ದಿನದಿಂದ?"

"ರಜೆ ಮುಗಿದಾಗಿಂದ." ಮಗಳು ತಲೆ ಎತ್ತಲಿಲ್ಲ. "ಅಪ್ಪಂಗೆ ಬಂದಿದ್ದೇ ಅಲ್ವಾ ಇದು? ಹೇಳಿದ್ರೆ ನೀನು ಮತ್ತೆ ಊಟ ಬಿಡ್ತೀಯ ಅಂತ ಸುಮ್ನಿದ್ದೆ."

ಅವಳು ಕಾಲುಚೀಲ ಮೇಲೆಳೆದು, ಆಟೋ ಹಿಡಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೈಗೆ ಬರಲು ಎರಡು ಗಂಟೆ ಹಿಡಿಯಿತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿತ್ರ ಸಿಕ್ಕಿದ್ದೇ ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಮೂಳೆಗೆ ಅಡ್ಡಲಾಗಿ ಒಂದು ಕಪ್ಪು ಗೆರೆ. ಒಳಗೆ ಕರೆದಾಗ ಆ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಅದು ಬಿರುಕಲ್ಲಮ್ಮ," ಎಂದರು ಮೂಳೆ ವೈದ್ಯೆ. "ಈ ವಯಸ್ಸಲ್ಲಿ ಮೂಳೆ ಉದ್ದ ಆಗೋದೇ ಅಲ್ಲಿಂದ. ತೊಡೆಯ ಸ್ನಾಯು ಅದರ ಜೊತೆಗೆ ಉದ್ದ ಆಗದೆ ಮಂಡಿ ಕೆಳಗಿನ ಮೂಳೆನ ಎಳೀತಿದೆ, ಅದಕ್ಕೇ ಈ ಗಂಟು. ಗಡ್ಡೆ ಅಲ್ಲ. ಸ್ವಲ್ಪ ದಿನ ಓಡೋದು ಬೇಡ."

"ಇನ್ನೊಂದು ಸಲ ಹೇಳ್ತೀರಾ?"

ಅವರು ಮತ್ತೆ ಹೇಳಿದರು. ಅವಳು ಮತ್ತೆ ಕೇಳಿದಳು. ಮೂರನೇ ಸಲ ಹೇಳುವಾಗ ಮಗಳು ಅಮ್ಮನ ಸೆರಗಿಗೆ ಮುಖ ಒತ್ತಿ, ಅಪ್ಪ ಹೋದ ದಿನವೂ ಅಳದಿದ್ದವಳು, ಬಿಕ್ಕಿ ಬಿಕ್ಕಿ ಅತ್ತಳು.