ರಾಜ ಕೇಳಲಿಲ್ಲ

ಗಲ್ಫಿನ ಅಲ್ ಅಜೈಬಾದಲ್ಲಿ ನಮ್ಮ ಎದುರು ಫ್ಲಾಟಿನ ಟೀಚರ್ ಸಂಜೆ ಏಲಕ್ಕಿ ಚಹಾ ಕುಡಿಯುತ್ತಲೇ ನಮಗೆ ಇತಿಹಾಸ ಹೇಳಿಕೊಡುತ್ತಿದ್ದರು. ಆ ಪರಿಮಳ ಬಂದರೆ ಈಗಲೂ ನನಗೆ ಅಮೆರಿಕದ ವಸಾಹತುಗಳೇ ನೆನಪಾಗುತ್ತವೆ.

"ಅವರು ಚಾ ಪೆಟ್ಟಿಗೆ ಸಮುದ್ರಕ್ಕೆ ಎಸೆದದ್ದು ಚಾದ ಮೇಲಿನ ಸಿಟ್ಟಿಗಲ್ಲ ಮಕ್ಳೇ. ತೆರಿಗೆ ಹಾಕುವಾಗ ರಾಜ ಅವರನ್ನು ಕೇಳ್ಲಿಲ್ಲ. ಮತ್ತೆ ಅವರು ಹೇಳಿದ್ದನ್ನೂ ಕೇಳ್ಲಿಲ್ಲ. ಕೊನೆಗೆ ಅವರಿಗೆ ರಾಜನೇ ಬೇಡ ಅಂತ ಆಯ್ತು." ಆಮೇಲೆ ಬೆರಳೆತ್ತಿ, "ಕೇಳಿದ್ನಾ?" ಎನ್ನುವರು. ನಾವು ಒಟ್ಟಿಗೆ, "ನೋ, ಟೀಚರ್!"

ಎಣ್ಣೆಯ ಬೆಲೆ ಬಿದ್ದು, ಸಂಬಳ ಕಡಿತವಾಗಿ, ಎಷ್ಟೋ ಮನೆಗಳ ಹೆಂಡತಿ ಮಕ್ಕಳು ಊರಿಗೆ ಹೊರಟಿದ್ದ ಕಾಲ ಅದು. ಒಂದು ಸಂಜೆ ಪಾಠದ ನಡುವೆ ಟೀಚರ ಗಂಡ ರುಸೈಲ್‌ನ ಫ್ಯಾಕ್ಟರಿಯಿಂದ ಬಂದವರು ಬಾಗಿಲಲ್ಲೇ ನಿಂತು, "ನಿನ್ಗೆ ಮಂಗ್ಳೂರಿಗೆ ಟಿಕೆಟ್ ಮಾಡಿದ್ದೇನೆ. ಖಲಾಸ್," ಎಂದರು.

ಟೀಚರ್ ಲೋಟ ಕೆಳಗಿಟ್ಟರು. ಬೆರಳು ತಾನಾಗಿ ಮೇಲೆದ್ದಿತು.

"ನನ್ನನ್ನು ಕೇಳಿದ್ರಾ?"

ಪಾಠವೇ ಎಂದುಕೊಂಡು ನಾವು ಕೂಗಿದೆವು: "ನೋ, ಟೀಚರ್!"

ಗಂಡ ನಮ್ಮೆಲ್ಲರ ಮುಖ ನೋಡಿದರು. ಬೂಟು ಕಳಚಿ, ನಮ್ಮ ಸಾಲಿನಲ್ಲೇ ಚಾಪೆಯ ಮೇಲೆ ಕುಳಿತರು.

"ಆಯ್ತು ಮಾರಾಯ್ತಿ, ಹೇಳು," ಎಂದರು. "ಕೇಳ್ತೇನೆ."