ಪ್ರೇಮಲತಾಗೆ ಬೇಕಾಗಿದ್ದ ಆರು ಕ್ರಿಸ್ಟಲ್

ಪ್ರೇಮಲತಾ ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಚಳ್ಳಕೆರೆಯ ಕಾಲೇಜೊಂದಕ್ಕೆ ಹೋಗಿಬರುತ್ತಾಳೆ. ಅಲ್ಲಿ ಭೌತಶಾಸ್ತ್ರ ಲ್ಯಾಬಿನ ಸಹಾಯಕಿ, ವಯಸ್ಸು ನಲವತ್ತೆಂಟು. ಮನೆಯಿಂದಲೇ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಬಂದಾಗ, ಸೆಟ್ಟನ್ನು ತಾನೇ ಕಟ್ಟುತ್ತೇನೆಂದು ಹಟ ಹಿಡಿದಳು. ಬೇಕಾದ ಸಾಮಾನೆಲ್ಲ ಸಿಕ್ಕಿತು. ಜೀವ ತಿಂದದ್ದು ಕ್ರಿಸ್ಟಲ್.

ಹೆಬ್ಬೆರಳಿನ ಉಗುರಿನಷ್ಟಿರುವ ತಗಡಿನ ಡಬ್ಬಿ, ಒಳಗೆ ಸ್ಫಟಿಕದ ತೆಳು ಬಿಲ್ಲೆ, ಕೆಳಗೆ ಎರಡು ತಂತಿ ಕಾಲು. ವಿದ್ಯುತ್ ಕೊಟ್ಟರೆ ಬಿಲ್ಲೆ ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುತ್ತದೆ. ಗಾಳಿಯಲ್ಲಿರುವ ನೂರು ದನಿಗಳಲ್ಲಿ ಒಂದನ್ನೇ ಸೋಸಿಕೊಡಲು ಇಂಥವು ಆರು ಬೇಕು, ಆರೂ ಹೆಚ್ಚುಕಡಿಮೆ ಒಂದೇ ಸಮ ಕಂಪಿಸಬೇಕು. ಡಬ್ಬಿಯ ಮೇಲೆ ಕಂಪನದ ಒಂದೇ ಸಂಖ್ಯೆ ಅಚ್ಚಾಗಿದ್ದರೂ ಒಂದರಂತೆ ಇನ್ನೊಂದಿರುವುದಿಲ್ಲ. ರಾಶಿ ತಂದು, ಅಳೆದು, ಆರಿಸಬೇಕು.

ಮೊದಲು ಆನ್‌ಲೈನಿನಲ್ಲಿ ಮೂವತ್ತು ತರಿಸಿದಳು. ಬೇರೆ ಸಂಖ್ಯೆಯವು ಬಂದವು. ವಾಪಸ್ ಕಳಿಸಿದರೆ ಮತ್ತೆ ಅವೇ ಬಂದವು. ಫೋನ್ ಮಾಡಿದ್ದಕ್ಕೆ ಅಂಗಡಿಯವನು, ಎರಡೂ ಕ್ರಿಸ್ಟಲ್ಲೇ ಅಲ್ಲವೇ ಎಂದು ಅವಳನ್ನೇ ಕೇಳಿದ.

ಹಳೆಯ ಕಲರ್ ಟಿವಿಗಳಲ್ಲಿ ತನಗೆ ಬೇಕಾದ ಸಂಖ್ಯೆಯದು ಒಂದೊಂದು ಇರುತ್ತದೆಂದು ಆಮೇಲೆ ಗೊತ್ತಾಯಿತು. ಚಳ್ಳಕೆರೆಯಲ್ಲಿ ಗುಜರಿ ಅಂಗಡಿ ಇಟ್ಟಿರುವ ಕ್ಯಾತಣ್ಣನಿಗೆ, ಕೆಟ್ಟ ಟಿವಿಯೊಂದರಿಂದ ಬಿಚ್ಚಿದ ಕ್ರಿಸ್ಟಲ್ ತೋರಿಸಿ, ಇದಿರುವ ಬೋರ್ಡುಗಳನ್ನು ಎತ್ತಿಡು ಎಂದಳು. ಎರಡು ವಾರ ಬಿಟ್ಟು ಹೋದಾಗ ಅವನು ಬೋರ್ಡಿನ ಬದಲು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟ.

"ನಿಮಗ್ಯಾಕೆ ತೊಂದ್ರೆ ಅಂತ ನಾನೇ ಕತ್ತರಿಸಿ ಇಟ್ಟೀನಿ ಮೇಡಂ. ನಲವತ್ತೈತೆ ನೋಡ್ರಿ."

"ಕಾಲೆಲ್ಲಿ ಕ್ಯಾತಣ್ಣ?"

"ಕಾಲೂ ಬೇಕಿತ್ತಾ?"

ಇಕ್ಕಳ ಹಾಕಿ ಬುಡಮಟ್ಟ ಕತ್ತರಿಸಿದ್ದ. ಇಷ್ಟು ಮುತುವರ್ಜಿ ವಹಿಸಿದವನನ್ನು ಬೈಯುವುದಾದರೂ ಹೇಗೆ? ಅವಳು ಕವರ್ ತೆಗೆದುಕೊಂಡು ಬಸ್ ಹತ್ತಿದಳು. ಬಿ.ಜಿ. ಕೆರೆ ದಾಟುವವರೆಗೂ ಅದನ್ನು ತೆರೆದು ನೋಡುವ ಮನಸ್ಸಾಗಲಿಲ್ಲ.

ಅಕ್ಕಿಕಾಳಿಗಿಂತ ಚಿಕ್ಕ ಮೋಟುಗಳಿಗೆ ತಂತಿ ಬೆಸೆಯಲು ಒಂದು ವಾರ ಹಿಡಿಯಿತು. ಒಂಬತ್ತು ಕ್ರಿಸ್ಟಲ್ ಸತ್ತವು. ಉಳಿದ ಮೂವತ್ತೊಂದನ್ನು ಭಾನುವಾರ ಬೆಳಗ್ಗೆಯಿಂದ ಒಂದೊಂದಾಗಿ ಅಳೆದು, ಡಬ್ಬಿಯ ಮೇಲೆ ಅಂಕಿ ಬರೆಯುತ್ತಾ ಬಂದಳು. ಸಂಜೆ ನಾಲ್ಕಕ್ಕೆ ಏಳು ಹೊಂದಿಕೆಯಾದವು. ಅನುಮಾನ ಬಂದು ಬೆಳಗ್ಗೆ ಅಳೆದ ಒಂದನ್ನು ಮತ್ತೆ ಇಟ್ಟು ನೋಡಿದರೆ ಅಂಕಿಯೇ ಬೇರೆ. ತಗಡು ಹೊದಿಸಿದ ಕೋಣೆ ಮಧ್ಯಾಹ್ನ ಕಾದಿತ್ತು, ಆ ಬಿಸಿಗೆ ಕ್ರಿಸ್ಟಲ್‌ಗಳ ಕಂಪನವೂ ಜರುಗಿತ್ತು. ಸಾಲದ್ದಕ್ಕೆ ಅತ್ತೆ ಯರ್ರಮ್ಮ, ಸೊಸೆ ಬೆವರುತ್ತಿದ್ದಾಳೆಂದು ಆಗಾಗ ಬಂದು ಫ್ಯಾನ್ ಹಾಕಿ ಹೋಗಿದ್ದರು. ದಿನದ ಕೆಲಸವೆಲ್ಲ ದಂಡ.

"ಫ್ಯಾನ್ ಮುಟ್ಟಬೇಡ್ರಿ ಅಂತ ಎಷ್ಟು ಸಲ ಹೇಳ್ಲಿ ಅತ್ತೆ?" ಪ್ರೇಮಲತಾಳ ದನಿ ಎಂದೂ ಇಲ್ಲದಷ್ಟು ಏರಿತು.

ಯರ್ರಮ್ಮ ಮೂರು ದಿನ ಮಾತು ಬಿಟ್ಟರು.

ಮುಂದಿನ ಭಾನುವಾರ ಬೆಳಕು ಹರಿಯುತ್ತಲೇ ಪ್ರೇಮಲತಾ ಮತ್ತೆ ಕೂತಳು. ಬೆರಳಿನ ಬಿಸಿ ತಾಗದಂತೆ ಚಿಮಟದಲ್ಲಿ ಹಿಡಿದು, ಒಂದೊಂದಕ್ಕೂ ಎರಡು ನಿಮಿಷ ಕಾದಳು. ಯರ್ರಮ್ಮ ಹೊಸ್ತಿಲ ಹೊರಗೆ ಕೂತು, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳನ್ನೂ ಒಳಗೆ ಬಿಡಲಿಲ್ಲ. ಬಿಸಿಲೇರುವ ಮೊದಲೇ ಕೆಲಸ ಮುಗಿಯಿತು. ಹೊಂದಿಕೆಯಾದದ್ದು ಐದು. ಆರನೆಯದು ತುಸು ಆಚೆಗಿತ್ತು. ಸಾಕಾಗಿ ಹೋಗಿತ್ತು, ಅದನ್ನೇ ಹಾಕಿ ಬೆಸೆದಳು.

ತಿಂಗಳಾದ ಮೇಲೆ ಒಂದು ಬೆಳಗ್ಗೆ, ಹೊಸ ಸೆಟ್ಟಿನಲ್ಲಿ ಅವಳು ಕೊಟ್ಟ ಕರೆಗೆ ರಾಯದುರ್ಗದವನೊಬ್ಬ ತೆಲುಗಿನಲ್ಲಿ ಉತ್ತರಿಸಿದ. ನಿಮ್ಮ ದನಿ ಕೊಂಚ ಮೂಗಿನಿಂದ ಬಂದಂತಿದೆ, ಫಿಲ್ಟರ್ ನೋಡಿ ಎಂದ. ಅವಳು ಕಳಿಸುವ ದನಿಯೂ ಅದೇ ಆರು ಕ್ರಿಸ್ಟಲ್ ದಾಟಿ ಹೋಗುತ್ತಿತ್ತು. ಆ ಆರನೆಯದೇ ಇರಬೇಕು. ಅವಳಿಗೆ ನಗು ಬಂತು, ಹಣೆಯನ್ನೂ ಚಚ್ಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಯರ್ರಮ್ಮ, "ಪಾಪ, ಅವ್ನಿಗೆ ತಿಂಡಿ ಆಯ್ತಾ ಕೇಳು" ಎಂದರು.

ಪ್ರೇಮಲತಾ ಕೇಳಿದಳು. ಇನ್ನೂ ಆಗಿರಲಿಲ್ಲವಂತೆ.