ಗಾಜಿಗೆ ಒಂದು ಬೆರಳು ದೂರ

ದೇವದುರ್ಗದ ಬಸ್ಸು ಗಬ್ಬೂರಿನಲ್ಲೇ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದಿದ್ದರೂ ನಾನು ತಲುಪುವ ಹೊತ್ತಿಗೆ ಶಾಲೆಯ ಕರೆಂಟು ಹೋಗಿರಬಹುದಿತ್ತು. ಕರೆಂಟು ಇದ್ದರೆ ಸ್ಮಾರ್ಟ್‌ಬೋರ್ಡ್ ಕೋಣೆಯ ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿದ್ದು, ಹೆಡ್‌ಮಾಸ್ತರರು ರಾಯಚೂರಿನ ಯಾವುದೋ ಮೀಟಿಂಗಿನಲ್ಲಿರಬಹುದಿತ್ತು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಅಲ್ಲಿಂದ ವೈರಸ್ ತಂದಿರಬಹುದಿತ್ತು. ಪಾಠಕ್ಕೆ ಮಾಡಿದ ನಕ್ಷೆಯ ಮೇಲಿನ ಕನ್ನಡ ಅಕ್ಷರಗಳೆಲ್ಲ ಖಾಲಿ ಡಬ್ಬಿಗಳಾಗಿ ಕಾಣಬಹುದಿತ್ತು. ಪಾಠದ ನಡುವೆ ಬನಿಯನ್ ಚಡ್ಡಿಯ ಜಾಹೀರಾತು ಬರಬಹುದಿತ್ತು. ಹಿಂದೊಮ್ಮೆ ಬಂದು, ಇಡೀ ತರಗತಿ ಅದನ್ನು ಪಾಠಕ್ಕಿಂತ ಹೆಚ್ಚು ಗಮನವಿಟ್ಟು ನೋಡಿತ್ತು. ನನ್ನ ವಿದ್ಯಾರ್ಥಿನಿಯ ಪಾಠ ನೋಡಲು ಬರಬೇಕಿದ್ದ ಮಾನ್ವಿಯ ಮೇಡಂ ಬಾರದೇ ಹೋಗಬಹುದಿತ್ತು. ಬಂದರಂತೂ ಇನ್ನೂ ಕಷ್ಟ.

ಇಷ್ಟನ್ನೂ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಬಾಯಲ್ಲೊಂದು ಆಸಿಡಿಟಿ ಗುಳಿಗೆ ಇಟ್ಟುಕೊಂಡು ಚಿಂತಿಸಿದೆ. ಚಿಂತಿಸುವುದು ನನಗೆ ಬರುವ ಒಂದೇ ಕೆಲಸ. ತಂತ್ರಜ್ಞಾನವಂತೂ ಬರುವುದಿಲ್ಲ. ಆದರೂ ರಾಯಚೂರಿನ ನಮ್ಮ ಬಿ.ಇಡಿ. ಕಾಲೇಜಿನಲ್ಲಿ ತರಗತಿಯಲ್ಲಿ ತಂತ್ರಜ್ಞಾನ ಬಳಸುವುದನ್ನು ಭಾವೀ ಶಿಕ್ಷಕರಿಗೆ ಕಲಿಸುವವನು ನಾನೇ. ಒಂದು ಸಲ ಪ್ರಿನ್ಸಿಪಾಲರ ಫೋನು ಸಭೆಯ ನಡುವೆ ಭಜನೆ ಹಾಡತೊಡಗಿದಾಗ ಅದನ್ನು ಬಂದ್ ಮಾಡಿಕೊಟ್ಟಿದ್ದೆ. ಮರುವಾರವೇ ಆ ವಿಷಯ ನನ್ನ ಕೊರಳಿಗೆ ಬಿತ್ತು.

ಕಾಲೇಜಿಗೆ ಬಂದಿದ್ದು ಒಂದೇ ಒಂದು ಸ್ಮಾರ್ಟ್‌ಬೋರ್ಡು. ಬಂದ ದಿನ ಅದಕ್ಕೆ ಹಾರ ಹಾಕಿ, ಊದುಬತ್ತಿ ಬೆಳಗಿ, ಕಾಯಿ ಒಡೆದರು. ಆಮೇಲೆ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಮತ್ತೆ ಹೊದಿಸಿ ಕೋಣೆಗೆ ಬೀಗ ಜಡಿದರು. ನಾನು ಕೇಳಿದ್ದಕ್ಕೆ ಪ್ರಿನ್ಸಿಪಾಲರು, "ಸರ್, ಇವತ್ತು ಒಂದು ಬಟ್ಟು ತಾಗಿದ್ರ ನಾಳೆ ನೂರು ಬಟ್ಟು ತಾಗ್ತಾವ. ಗಾಜು ಹೋತಂದ್ರ ಯಾರಿಗೆ ಹೇಳೋದು? ನೋಡಿ ಕಲೀಲಿ ಬಿಡ್ರಿ. ನಾವೆಲ್ಲ ನೋಡೇ ಕಲ್ತಿಲ್ಲೇನು?" ಎಂದರು.

ಹಾಗೆ ನಮ್ಮ ತರಬೇತಿಯ ಪದ್ಧತಿ ಶುರುವಾಯಿತು. ನೆನೆಸಿಕೊಂಡರೆ ಈಗಲೂ ಬಾಯಿ ಕಹಿಯಾಗುತ್ತದೆ. ಬೋರ್ಡಿನಿಂದ ಎರಡು ಮಾರು ದೂರಕ್ಕೆ ನೆಲದ ಮೇಲೆ ಸುಣ್ಣದ ಗೆರೆ. ಗೆರೆಯಾಚೆ ವಿದ್ಯಾರ್ಥಿಗಳು, ಈಚೆ ನಾನು. ಬೋರ್ಡು ಹಚ್ಚುವುದು, ಆರಿಸುವುದು, ಚಿತ್ರ ಸರಿಸುವುದು ಎಲ್ಲ ನಾನೇ. ಅದೂ ತೋರುಬೆರಳಿಗೆ ಕರವಸ್ತ್ರ ಸುತ್ತಿಕೊಂಡು, ವಿಷದ ಬಾಟಲಿ ಹಿಡಿದವನ ಹಾಗೆ. ಕೊನೆಗೆ ಫೋಟೊ. ಒಬ್ಬೊಬ್ಬರೇ ಗೆರೆ ದಾಟಿ ಬಂದು ಬೋರ್ಡಿನ ಮುಂದೆ ಕೈ ಚಾಚಿ, ಗಾಜಿಗೆ ಒಂದು ಬೆರಳು ದೂರದಲ್ಲಿ ನಿಲ್ಲಿಸಿ, ಕ್ಯಾಮೆರಾಕ್ಕೆ ನಗಬೇಕು. "ಹುಷಾರು, ತಾಗಬಾರದು, ಹುಷಾರು" ಎಂದು ನಾನು ಪಕ್ಕದಲ್ಲಿ ಜಪಿಸುತ್ತಿದ್ದೆ. ಆ ಫೋಟೊಗಳು ಮೇಲಿನವರ ವಾಟ್ಸಾಪ್ ಗುಂಪಿಗೆ ಹೋದ ಕೂಡಲೇ ಅಲ್ಲಿಂದ ಹೆಬ್ಬೆರಳುಗಳ ಸುರಿಮಳೆ. ಮುಟ್ಟದೇ ಮುಟ್ಟಿದಂತೆ ನಿಲ್ಲುವುದರಲ್ಲಿ ನಮ್ಮ ಕಾಲೇಜು ಇಡೀ ಜಿಲ್ಲೆಯಲ್ಲೇ ಮುಂದಿತ್ತು ಎಂದು ಕಾಣುತ್ತದೆ.

ಮಸರಕಲ್ಲಿನ ಒಬ್ಬ ಹುಡುಗಿ ಇದ್ದಳು. ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಆ ಮನೆಯಲ್ಲಿ ಶಾಲೆ ದಾಟಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಫೋಟೊಕ್ಕೆ ನಿಂತಾಗ ನನ್ನ ಜಪ ಕೇಳಿ ನಕ್ಕುಬಿಟ್ಟಳು.

"ಮುಟ್ಟಬ್ಯಾಡ, ದೂರ ನಿಲ್ಲು ಅನ್ನೋ ಮಾತು ನಮ್ಮವ್ವ ಊರಾಗ ಭಾಳ ಕೇಳ್ಯಾಳ್ರೀ ಸರ್. ನಾ ಅದನ್ನ ಫೀ ಕಟ್ಟಿ ಕೇಳಾಕತ್ತೀನಿ ನೋಡ್ರಿ."

ಗೆರೆಯಾಚೆ ಇದ್ದವರೆಲ್ಲ ಗೊಳ್ಳೆಂದರು. ನಾನೂ ನಕ್ಕೆ. ನಕ್ಕು, ಬೆರಳಿನ ಕರವಸ್ತ್ರ ಬಿಗಿದುಕೊಂಡು ಮುಂದಿನವರನ್ನು ಕರೆದೆ.

ಅವಳ ಕಡೆಯ ಅಭ್ಯಾಸ ಪಾಠ ಅಂದು ದೇವದುರ್ಗದ ಶಾಲೆಯಲ್ಲಿತ್ತು. ಮಾನ್ವಿಯ ಖಾಸಗಿ ಶಾಲೆಯೊಂದು ಕೋಣೆಗೊಂದು ಬೋರ್ಡು ಹಾಕಿಸಿ, ಅದನ್ನು ಧೈರ್ಯವಾಗಿ ಬಳಸುವ ಟೀಚರನ್ನು ಹುಡುಕುತ್ತಿತ್ತು. ಅಲ್ಲಿಯ ಮುಖ್ಯಸ್ಥೆ ಇವಳ ಪಾಠ ನೋಡಲು ಒಪ್ಪಿದ್ದರು. ಹಿಡಿಸಿದರೆ ಜೂನ್‌ನಿಂದಲೇ ಕೆಲಸ. "ತಂಗಿನೂ ಮಾನ್ವಿಗೆ ಕರ್ಕೊಂಡು ಹೋಗಿ ಕಾಲೇಜಿಗೆ ಹಚ್ತೀನ್ರೀ ಸರ್" ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು.

ಬಸ್ಸು ಕೆಡಲಿಲ್ಲ. ಕರೆಂಟು ಇತ್ತು. ಹೆಡ್‌ಮಾಸ್ತರರು ಇಸ್ತ್ರಿ ಅಂಗಿ ಹಾಕಿಕೊಂಡು, ಕೀಲಿ ಕುಣಿಸುತ್ತ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಸರ್, ಬರ್ರಿ. ನಮ್ಮ ಬೋರ್ಡ್ ನೋಡ್ರಿ, ಎರಡು ವರ್ಷ ಆತು, ಒಂದು ಕಲೆ ಇಲ್ಲ!" ಎಂದರು. ನಿಜಕ್ಕೂ ಇರಲಿಲ್ಲ. ಅದರ ಪ್ಲಾಸ್ಟಿಕ್ಕನ್ನು ಆ ಬೆಳಿಗ್ಗೆಯೇ ತೆಗೆದಿದ್ದರು. ಗೆರೆ ಮಾತ್ರ ಇರಲಿಲ್ಲ; ಅದರ ಅಗತ್ಯವಿಲ್ಲದಷ್ಟು ದೂರಕ್ಕೆ ಬೆಂಚುಗಳನ್ನು ಸರಿಸಿದ್ದರು. ಮಾನ್ವಿಯ ಮೇಡಂ ಹಿಂದಿನ ಬೆಂಚಿನಲ್ಲಿ, ನಾನು ಅವರ ಪಕ್ಕದಲ್ಲಿ.

ಪಾಠ ನಮ್ಮ ಜಿಲ್ಲೆಯ ನಕ್ಷೆ. ಅವಳೇ ಕೂತು ಮಾಡಿದ್ದು. ಊರಿನ ಹೆಸರು ಮುಟ್ಟಿದರೆ ಆ ಊರು ದೀಪದಂತೆ ಹೊತ್ತಿಕೊಳ್ಳಬೇಕು. ಅಕ್ಷರಗಳು ನೆಟ್ಟಗೆ ಬಂದವು. ಕೃಷ್ಣೆ ಮೇಲೆ, ತುಂಗಭದ್ರೆ ಕೆಳಗೆ, ನಡುವೆ ನಾವು. ಅವಳು ಪ್ರಶ್ನೆ ಕೇಳುವ ರೀತಿಗೆ ಕೊನೆಯ ಬೆಂಚಿನ ತೂಕಡಿಕೆಯೂ ಬಿಟ್ಟುಹೋಯಿತು. ಮೇಡಂ ನನ್ನತ್ತ ಬಾಗಿ, "ಹುಡುಗಿ ಚುರುಕ್ ಅದಾಳ್ರೀ" ಎಂದರು. ನಾನು ಬಾಯಲ್ಲಿದ್ದ ಗುಳಿಗೆ ನುಂಗಿದೆ. ಚಿಂತಿಸಲು ಇನ್ನೇನೂ ಉಳಿದಿರಲಿಲ್ಲ.

"ನಿಂದು ಯಾವ ಊರು?" ಎಂದು ಅವಳು ಎರಡನೇ ಸಾಲಿನ ಹುಡುಗಿಯನ್ನು ಕೇಳಿದಳು.

"ಗಬ್ಬೂರ್ರೀ ಟೀಚರ್."

"ಬಾ, ಗಬ್ಬೂರು ಎಲ್ಲಿ ಅದ, ಮುಟ್ಟಿ ತೋರ್ಸು."

ಹುಡುಗಿ ಬಂದಳು. ಬಂದು, ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತಳು. "ಒಲ್ಲೆ ಟೀಚರ್, ಹೆಡ್ ಸರ್ ಬಡೀತಾರ."

ತರಗತಿ ಕಿಸಕ್ಕೆಂದಿತು. ಹೆಡ್‌ಮಾಸ್ತರರು ಬಾಗಿಲಿನಿಂದ ಹಲ್ಲು ಬಿಟ್ಟು, "ಏ, ಇವತ್ತು ಮುಟ್ಟು ಬೇ. ಇವತ್ತೊಂದಿನ ಏನ್ ಅನ್ನಂಗಿಲ್ಲ" ಎಂದರು. ಆ ನಗೆಯನ್ನು ನೋಡಿ ನನಗೆ ಹೇಸಿಗೆಯಾಯಿತು. ಹುಡುಗಿ ಅಲುಗಲಿಲ್ಲ.

ಆಗ ನಮ್ಮವಳು ಆ ಮಗುವಿನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ನಕ್ಷೆಯತ್ತ ಎತ್ತಿದಳು. ಎರಡು ತೋರುಬೆರಳುಗಳು, ಒಂದರ ಮೇಲೊಂದು, ಗಬ್ಬೂರಿನ ಹೆಸರಿನ ಕಡೆಗೆ ಹೋದವು. ಹೋಗಿ, ಗಾಜಿಗೆ ಒಂದು ಬೆರಳು ದೂರದಲ್ಲಿ ನಿಂತವು. ಒಂದು ವರ್ಷ ನಾನು ನಿಲ್ಲಿಸಿದ್ದ ಜಾಗದಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಅವಳು ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಮೇಡಮ್ಮೂ ನೋಡಿದರು. ಮುಟ್ಟು ಎನ್ನಬೇಕಿತ್ತು, ಅಷ್ಟೇ. ಅದಕ್ಕೆಂದೇ ಬಾಯಿ ತೆರೆದೆ.

"ಹುಷಾರು ಯವ್ವಾ" ಎಂದೆ.

ಎರಡೂ ಬೆರಳುಗಳು ಒಟ್ಟಿಗೇ ಹಿಂದೆ ಸರಿದವು. ಉಳಿದ ಪಾಠವನ್ನು ಅವಳು ಕೋಲಿನಿಂದ, ದೂರದಿಂದಲೇ ತೋರಿಸಿ ಮುಗಿಸಿದಳು. ಮೇಡಂ ಏಳುತ್ತ, "ಚೊಲೋ ಕಲಿಸ್ತಾಳ. ಆದ್ರ ನಮಗ ಬೋರ್ಡಿಗೆ ಅಂಜದೋರು ಬೇಕಾಗಿತ್ರೀ ಸರ್" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಹೆಡ್‌ಮಾಸ್ತರರು ಆಗಲೇ ಪ್ಲಾಸ್ಟಿಕ್ ಹೊದಿಸುತ್ತಿದ್ದರು. ಒಂದು ಕಲೆಯೂ ಆಗಿರಲಿಲ್ಲ.